ಸುಣ್ಣದ ಕೆಳಗಿನ ಅಂಕೆಗಳು

ಆ ಲಿಂಡ್ಸೆಲ್ ಮಹಾಶಯ ಬಂದದ್ದು ಸೋಮವಾರ, ಬಟ್ಟೆ ಒಗೆಯುವ ದಿನ. ಬುದ್ಧಿ ಇರುವ ಯಾರಾದರೂ ಸೋಮವಾರ ಇನ್ನೊಬ್ಬರ ಮನೆಗೆ ಹೋಗುತ್ತಾರೆಯೇ? ಹಂಡೆಯಲ್ಲಿ ಹಾಸಿಗೆ ಬಟ್ಟೆಗಳು ಕುದಿಯುತ್ತಿದ್ದವು, ಅಡುಗೆಮನೆ ತುಂಬ ಹಬೆ, ಊಟಕ್ಕೆ ಭಾನುವಾರ ಉಳಿದ ತಣ್ಣನೆಯ ಕುರಿಮಾಂಸ ಬಿಟ್ಟರೆ ಬೇರೇನೂ ಇರಲಿಲ್ಲ. ಡಾರ್ಕಸ್ ಗ್ಯಾರಡ್ ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದಾಗ ಅವಳ ತಮ್ಮ ಏಬೆಲ್ ಹಿತ್ತಲ ಬಾಗಿಲಿನಿಂದ ಆತನನ್ನು ಕರೆದುಕೊಂಡೇ ಬಂದುಬಿಟ್ಟ.

"ಅಕ್ಕಾ, ಇವರು ಲಿಂಡ್ಸೆಲ್ ಅಂತ. ಹಳೇ ಮನೆಗಳ ಅಳತೆ ತಗೊಂಡು ಪುಸ್ತಕ ಬರೀತಾರಂತೆ. ನಮ್ಮನೆ ನೋಡ್ಬೇಕಂತೆ."

"ನೋಡ್ಲಿ. ನಾನೇನು ಬೇಡ ಅಂದ್ನಾ?"

"ತೋರಿಸೋಕೆ ನಂಗೇನು ಗೊತ್ತು? ನೀನೇ ತೋರ್ಸು."

ಅದು ಮಾತ್ರ ನಿಜ. ಕ್ರೇನ್ಸ್ ಗ್ರೀನ್ ಎಂಬ ಆ ಮನೆಯ ಬಗ್ಗೆ ಏಬೆಲ್‌ಗೆ ಗೊತ್ತಿದ್ದದ್ದು ಒಂದೇ, ಮಳೆ ಬಂದರೆ ಎಲ್ಲಿ ಸೋರುತ್ತದೆ ಎಂಬುದು. ಓಕ್ ಮರದ ಕಂಬ, ತೊಲೆ, ಜಂತೆಗಳ ಚೌಕಟ್ಟು. ಅದರ ನಡುನಡುವೆ ಹೇಜಲ್ ಗಿಡದ ಕಡ್ಡಿಯ ತಡಿಕೆ ಹೆಣೆದು, ಮಣ್ಣು ಸಗಣಿ ಹುಲ್ಲು ಕಲೆಸಿ ಮೆತ್ತಿದ ಗೋಡೆ. ಎಲ್ಲದರ ಮೇಲೆ ವರ್ಷ ವರ್ಷ ಬಳಿದ ಸುಣ್ಣ. ನಾನೂರು ವರ್ಷದಿಂದ ಸಫೋಕ್ ಸೀಮೆಯ ಗಾಳಿಗೆ ಮೈಯೊಡ್ಡಿ ನಿಂತ ಮನೆ. ಅದಕ್ಕೆ ಸುಣ್ಣ ಬಳಿಯುವ ಕೆಲಸ ಹದಿನಾರನೇ ವಯಸ್ಸಿನಿಂದ ಡಾರ್ಕಸ್‌ಳ ಪಾಲಿಗೆ ಬಂದಿತ್ತು. ಈಗ ಅವಳಿಗೆ ನಲವತ್ತಮೂರು. ಯಾವ ಕಂಬ ವಾಲಿದೆ, ಯಾವ ಮರದ ಮೊಳೆ ಸಡಿಲವಾಗಿದೆ, ಎಲ್ಲ ಅವಳ ಕೈಗೆ ಗೊತ್ತು.

ಕಂಬ ತೊಲೆಗಳ ಮೇಲಿನ ಗುರುತುಗಳನ್ನು ಹೇಳಿಕೊಟ್ಟದ್ದು ತೀರಿಹೋದ ಅಪ್ಪ. ಆ ಕಾಲದ ಬಡಗಿಗಳು ಇಡೀ ಚೌಕಟ್ಟನ್ನು ಮೊದಲು ತಮ್ಮ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸುತ್ತಿದ್ದರು. ಎರಡು ಮರ ಕೂಡುವ ಕಡೆ ಎರಡಕ್ಕೂ ಒಂದೇ ಅಂಕೆಯನ್ನು ಉಳಿಯಿಂದ ಕೆತ್ತಿ, ಆಮೇಲೆ ಬಿಚ್ಚಿ, ಗಾಡಿಯಲ್ಲಿ ತಂದು ಇಲ್ಲಿ ಎತ್ತಿ ನಿಲ್ಲಿಸುತ್ತಿದ್ದರು. ಮೂರು ಗೀರಿನ ಕಂಬಕ್ಕೆ ಮೂರು ಗೀರಿನ ತೊಲೆ. ಆ ಗೀರುಗಳೆಲ್ಲ ಸುಣ್ಣದ ಕೆಳಗೆ ಹಾಗೇ ಇದ್ದವು. ಅವು ಎಲ್ಲೆಲ್ಲಿವೆ ಎಂದು ಬಲ್ಲವಳು ಈಗ ಡಾರ್ಕಸ್ ಒಬ್ಬಳೇ.

ಕೈ ಒರೆಸಿಕೊಂಡು ಅವಳು ಒಂದು ಕಂಬದ ಹತ್ತಿರ ಹೋಗಿ, ಮರದ ಚಮಚದ ಹಿಡಿಯಿಂದ ಸುಣ್ಣದ ಚಕ್ಕೆ ಎಬ್ಬಿಸಿದಳು. ಕೆಳಗೆ ನಾಲ್ಕು ಗೀರು ಕಾಣಿಸಿದವು.

"ಅಬ್ಬಾ!" ಎಂದ ಲಿಂಡ್ಸೆಲ್. ಟೋಪಿ ತೆಗೆದ. "ಇಂಥವು ಇನ್ನೂ ಇವೆಯಾ, ಮಿಸ್ ಗ್ಯಾರಡ್?"

"ನೂರಾ ಮೂವತ್ತರ ಮೇಲಿದಾವೆ ಸಾರ್."

"ಎಲ್ಲಾನೂ ತೋರಿಸ್ತೀರಾ?"

ಆ ಮನೆಯಲ್ಲಿ ಡಾರ್ಕಸ್‌ಳನ್ನು ಯಾರೂ ಏನನ್ನೂ ಹಾಗೆ ಕೇಳಿದವರಲ್ಲ. ಮೊಟ್ಟೆ ಎಷ್ಟಾದವು, ನನ್ನ ಕಾಲುಚೀಲ ಎಲ್ಲಿ, ಹಂದಿಗೆ ಹಾಕಿದ್ಯಾ, ಇಷ್ಟೇ. ಅವಳ ಕಿವಿ ಕೆಂಪಾಯಿತು. ತೋರಿಸುತ್ತೇನೆ ಎಂದಳು.

ಮೂರು ವಾರ ಆತ ದಿನಾ ಬಂದ. ಬೆಳಗಿನ ಕೆಲಸ ಮುಗಿಸಿ ಡಾರ್ಕಸ್ ಏಣಿ ಹತ್ತುವಳು, ಸುಣ್ಣ ಕೆರೆದು ಅಂಕೆ ಕೂಗುವಳು. ಆತ ಕೆಳಗೆ ಕೂತು ದೊಡ್ಡ ದೊಡ್ಡ ಹಾಳೆಗಳಲ್ಲಿ ಬರೆದುಕೊಳ್ಳುವನು. ಮಧ್ಯಾಹ್ನ ಎಲ್ಲರ ಜೊತೆ ಮೇಜಿಗೆ ಕೂತು, ಸಾರಿನಲ್ಲಿ ಬೇಯಿಸಿದ ಹಿಟ್ಟಿನ ಉಂಡೆಗಳನ್ನು ನಾಲ್ಕು ನಾಲ್ಕು ತಿನ್ನುವನು. ಏಬೆಲ್‌ನ ಹೆಂಡತಿ ಲೆಟಿಗೆ ಇದು ತಮಾಷೆ.

"ಅಕ್ಕ ಯಾಕೋ ದಿನಾ ಒಗೆದ ಏಪ್ರನ್ನೇ ಹಾಕ್ಕೋತಾರಪ್ಪ!"

"ಸುಣ್ಣ ಬೀಳತ್ತೆ ಕಣೆ, ಅದಕ್ಕೆ."

"ಸುಣ್ಣ ಬೀಳೋದಕ್ಕೆ ಯಾರಾದ್ರೂ ಕಸೂತಿ ಇರೋ ಏಪ್ರನ್ ಕಟ್ಕೋತಾರಾ?"

ಲೆಟಿಯ ಮಗಳು ಆಲಿವ್, ಹದಿನೈದರ ಹುಡುಗಿ, ಬಾಯಿಯಲ್ಲಿದ್ದ ಚಹಾ ಉಗುಳಿಕೊಂಡು ನಕ್ಕಳು. ಡಾರ್ಕಸ್ ಮತ್ತು ಏಬೆಲ್ ಇಬ್ಬರ ತಾಯಿ ಥಿರ್ಜಾ ಮಾತ್ರ ನಗಲಿಲ್ಲ. ಎಪ್ಪತ್ತಾರರ ಮುದುಕಿ ಒಲೆಯ ಪಕ್ಕದ ಕುರ್ಚಿಯಲ್ಲಿ ಶಾಲು ಬಿಗಿದುಕೊಂಡು ಕೂತಿದ್ದವಳು, "ಸುಮ್ನಿರ್ರೇ. ಅವಳ ಪಾಡಿಗೆ ಅವಳು ಮಾಡ್ಲಿ," ಎಂದಳು. ಅಮ್ಮ ತನ್ನ ಪರ ಮಾತಾಡಿದಳಲ್ಲ ಎಂದು ಡಾರ್ಕಸ್‌ಗೆ ಸಂತೋಷವಾಯಿತು. ಪಾಪ, ಅವಳಿಗೇನು ಗೊತ್ತು.

ಆ ವರ್ಷ ಅವಳು ಖುಷಿಯಾಗಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ರಸ್ತೆಯ ಆಚೆ ಏಬೆಲ್ ಹೊಸ ಇಟ್ಟಿಗೆ ಮನೆ ಕಟ್ಟಿಸುತ್ತಿದ್ದ. ಅವನು, ಲೆಟಿ, ಆಲಿವ್ ಅಲ್ಲಿಗೆ ಹೋಗುವುದು. ಅಮ್ಮ ಮತ್ತು ಡಾರ್ಕಸ್ ಇಲ್ಲೇ ಇರುವುದು ಎಂದು ಮಾತಾಗಿತ್ತು. ಇಲ್ಲಿರುವುದಕ್ಕೆ ಅವಳು ಯಾರ ಹಂಗಿನಲ್ಲೂ ಇರಲಿಲ್ಲ. ಅಪ್ಪ ಉಯಿಲಿನಲ್ಲಿ ಬರೆದಿಟ್ಟಿದ್ದ: ಹೊಲ, ಮನೆ ಏಬೆಲ್‌ಗೆ, ಮಹಡಿಯ ದೊಡ್ಡ ಕೋಣೆ ಮಾತ್ರ ಮಗಳು ಡಾರ್ಕಸ್‌ಗೆ, ಅವಳು ಮದುವೆಯಾಗದೆ ಇರುವಷ್ಟು ಕಾಲ, ಯಾರೂ ಎಬ್ಬಿಸುವಂತಿಲ್ಲ. ಆ ಕೋಣೆಗಾಗಿ, ಆ ಕೋಣೆಯ ಪಕ್ಕದಲ್ಲಿ ಐದು ವರ್ಷ ಲಕ್ವ ಹೊಡೆದು ಮಲಗಿದ್ದ ಅಪ್ಪನಿಗಾಗಿ, ಅವಳು ಗಾಡಿಯ ಚಕ್ರ ಮಾಡುವ ಹಾರ್ವಿ ಮದುವೆಗೆ ಕೇಳಿದಾಗ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಹಾರ್ವಿಗೆ ಈಗ ಆರು ಮಕ್ಕಳು.

ಮೂರನೇ ವಾರದ ಶುಕ್ರವಾರ, ರೊಟ್ಟಿ ಸುಡುವ ದಿನ, ಡಾರ್ಕಸ್ ಹಿಟ್ಟು ನಾದುತ್ತಿದ್ದಳು. ಏಬೆಲ್ ಒಂದು ಕಾಗದ, ಮಸಿ, ಪೆನ್ನು ಹಿಡಿದು ಬಂದ. ಹಿಂದೆ ಲಿಂಡ್ಸೆಲ್ ಇದ್ದ, ಕಿಟಕಿಯ ಹೊರಗೆ ನೋಡುತ್ತಾ.

"ಅಕ್ಕಾ, ಇಲ್ಲೊಂದು ಸಹಿ ಹಾಕು. ನಿನ್ನ ಕೋಣೆ ಅಳತೆ ತಗೊಂಡ್ರಲ್ಲ, ಅದಕ್ಕೆ ನಿನ್ನ ಒಪ್ಪಿಗೆ ಬೇಕಂತೆ."

"ಕೈಯೆಲ್ಲ ಹಿಟ್ಟಾಗಿದೆ ಕಣೋ. ಆಮೇಲೆ ಓದಿ ಹಾಕ್ತೀನಿ. ಕನ್ನಡಕ ಮೇಲಿದೆ."

"ಸಾರ್‌ಗೆ ಹನ್ನೊಂದರ ಬಂಡಿ ಹಿಡೀಬೇಕು. ಏನಿದೆ ಅದರಲ್ಲಿ ಓದೋಕೆ?"

ಡಾರ್ಕಸ್ ಒಲೆಯ ಪಕ್ಕಕ್ಕೆ ತಿರುಗಿದಳು. "ಏನಮ್ಮಾ?"

ಥಿರ್ಜಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಏನೂ ಇಲ್ಲ ಅದರಲ್ಲಿ. ಹಾಕು ಮಗಾ, ಹಿಟ್ಟು ಕಾಯತ್ತಾ?"

ಅಮ್ಮ ಹೇಳಿದ ಮೇಲೆ ಇನ್ನೇನು? ಒಂದು ಬೆರಳು ಒರೆಸಿಕೊಂಡು ಡಾರ್ಕಸ್ ಸಹಿ ಹಾಕಿದಳು. ಲಿಂಡ್ಸೆಲ್ ಅವಳ ಕೈ ಕುಲುಕಿ, ಪುಸ್ತಕ ಬಂದ ಕೂಡಲೇ ಮೊದಲ ಪ್ರತಿ ನಿಮಗೇ ಎಂದು ಹೇಳಿ ಹೋದ. ಎರಡು ದಿನ ಅವಳಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು.

ಹದಿನೆಂಟು ದಿನದ ಮೇಲೆ, ಅವಳು ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಾಗ, ಎರಡು ಗಾಡಿಗಳು ಅಂಗಳಕ್ಕೆ ಬಂದವು. ಏಣಿಗಳು, ಹಗ್ಗಗಳು, ಆರು ಜನ ಆಳುಗಳು. ಮುಂದಾಳು ಒಬ್ಬ ಬಿಳಿ ಮೀಸೆಯ ಬಡಗಿ, ಪೆಟ್ ಎಂದು ಹೆಸರು. ಅವನ ಕಂಕುಳಲ್ಲಿದ್ದ ಹಾಳೆಗಳ ಸುರುಳಿ ನೋಡಿದ ಕೂಡಲೇ ಡಾರ್ಕಸ್ ಗುರುತು ಹಿಡಿದಳು. ಒಂದರ ಅಂಚಿನಲ್ಲಿ ಅವಳೇ ಚೆಲ್ಲಿದ ಚಹಾದ ಕಲೆ ಇತ್ತು.

"ಪುಸ್ತಕದವರ ಕಡೆಯವರಾ?" ಎಂದಳು.

"ಯಾವ ಪುಸ್ತಕ ಅಮ್ಮಾ? ನಾವು ಮನೆ ಬಿಚ್ಚೋರು. ಅಮೆರಿಕದ ದೊಡ್ಡ ಮನುಷ್ಯರೊಬ್ಬರು ಇದರ ಮರದ ಚೌಕಟ್ಟು ಪೂರ್ತಿ ಕೊಂಡಿದಾರಲ್ಲ. ಬಿಚ್ಚಿ, ಹಡಗಿಗೆ ಹಾಕಿ, ಅಲ್ಲಿ ಮತ್ತೆ ಎತ್ತೋದು." ಪೆಟ್ ಹಾಳೆ ಬಿಡಿಸಿದ. "ಎಷ್ಟು ಚೆನ್ನಾಗಿ ಅಂಕೆ ಗುರುತು ಮಾಡಿದಾರೆ ನೋಡಿ. ಇದಿಲ್ಲದಿದ್ರೆ ಅವರು ಕೊಳ್ತಾನೇ ಇರ್ಲಿಲ್ಲ."

ಕಾಳಿನ ಬೋಗುಣಿ ಡಾರ್ಕಸ್‌ಳ ಕೈಯಿಂದ ಬಿತ್ತು. ಕೋಳಿಗಳಿಗೆ ಹಬ್ಬ.

ಆ ಮಧ್ಯಾಹ್ನ ಮೇಜಿನ ಮೇಲೆ ಮೊಲದ ಮಾಂಸ ತುಂಬಿದ ಕಡುಬು ಇತ್ತು. ಯಾರೂ ಕತ್ತರಿಸಲಿಲ್ಲ.

"ನನ್ನ ಕೋಣೆ," ಎಂದಳು ಡಾರ್ಕಸ್. "ಅಪ್ಪ ಬರೆದಿಟ್ಟದ್ದು."

"ನೀನೇ ಬಿಟ್ಟುಕೊಟ್ಟಿದೀಯಲ್ಲ. ಸಹಿ ಇದೆ," ಎಂದ ಏಬೆಲ್. ಅವನ ಕಣ್ಣು ತಟ್ಟೆಯ ಮೇಲೇ ಇತ್ತು.

"ಅಳತೆಗೆ ಒಪ್ಪಿಗೆ ಅಂದೆ ನೀನು!"

"ಅಳತೇನೂ ಇತ್ತು ಅದರಲ್ಲಿ."

"ಥೂ ನಿನ್ನ! ನೀನು ಮಗುವಾಗಿದ್ದಾಗ ನಿನ್ನ ಅಂಡು ತೊಳೆದಿದೀನಿ ಕಣೋ, ಈ ಕೈಯಲ್ಲಿ!"

"ಅಕ್ಕಾ, ಆಲಿವ್ ಇದಾಳೆ," ಎಂದಳು ಲೆಟಿ.

"ಇರ್ಲಿ, ಕೇಳಿಸ್ಕೊಳ್ಳಲಿ! ಅವರಪ್ಪ ಎಂಥೋನು ಅಂತ ಗೊತ್ತಾಗ್ಲಿ!"

ಏಬೆಲ್ ಮೇಜು ಗುದ್ದಿದ. "ಏನಕ್ಕಾ ಮಾಡ್ಲಿ ನಾನು? ಯುದ್ಧ ಮುಗಿದು ಎಂಟು ವರ್ಷ ಆಯ್ತು. ಗೋಧಿಗೆ ಬೆಲೆ ಇಲ್ಲ, ಸೂರು ರಿಪೇರಿ ಮಾಡಿಸೋಕೆ ಆಗ್ತಿಲ್ಲ, ಅಡಿ ತೊಲೆ ಕೊಳೀತಿದೆ. ಇವತ್ತಲ್ಲ ನಾಳೆ ಅದೇ ಬೀಳತ್ತೆ. ಹೊಸ ಮನೇಲಿ ನಿಂಗೂ ಜಾಗ ಇದೆ ಅಂತ ಇಟ್ಕೋ."

"ಅಂತ ಇಟ್ಕೋಬೇಕಾ? ಇದೆಯೋ ಇಲ್ವೋ?"

ಏಬೆಲ್ ಹೆಂಡತಿಯ ಕಡೆ ನೋಡಿದ. ಕೊನೆಗೆ ಆಲಿವ್‌ಳೇ ಬಾಯಿ ಬಿಟ್ಟಳು. "ಹಿಂದಿನ ಕೋಣೆ ನಮ್ಮ ಇನ್ನೊಂದಜ್ಜಿಗೆ ಅಲ್ವೇನಮ್ಮಾ? ಗೋಡೆಗೆ ನೀಲಿ ಕಾಗದ ಆರಿಸಿದ್ರಿ ಅವತ್ತು."

"ಮುಚ್ಚೇ ಬಾಯಿ!" ಎಂದು ಲೆಟಿ ಮಗಳ ಕೈಗೆ ಬಡಿದಳು. ಆಮೇಲೆ ದನಿ ಇಳಿಸಿ, "ನಮ್ಮಮ್ಮನೂ ಒಬ್ಬರೇ ಇದಾರೆ ಅಕ್ಕಾ. ನಿಮಗೇನು, ಗಟ್ಟಿಮುಟ್ಟಾಗಿದೀರಿ. ಬೆಳಿಗ್ಗೆ ಬಂದು ಅತ್ತೇನ ನೋಡ್ಕೊಂಡು, ಅಡುಗೆ ಮುಗಿಸ್ಕೊಂಡು ಹೋಗ್ಬಹುದು. ಹಾಲಿನವರ ಮನೆ ಮೇಲೆ ಒಂದು ಕೋಣೆ ಬಾಡಿಗೆಗಿದೆ. ವಿಚಾರಿಸಿಟ್ಟಿದೀವಿ," ಎಂದಳು.

ವಿಚಾರಿಸಿಟ್ಟಿದ್ದಾರಂತೆ! ಎಲ್ಲ ವಿಚಾರಿಸಿಟ್ಟಿದ್ದಾರೆ, ಅವಳೊಬ್ಬಳನ್ನು ಬಿಟ್ಟು. ಡಾರ್ಕಸ್ ಎದ್ದು, ಕಡುಬನ್ನು ತಟ್ಟೆ ಸಮೇತ ಎತ್ತಿಕೊಂಡು ಹೋಗಿ ಹಂದಿಯ ಮೇವಿನ ದೋಣಿಗೆ ಸುರಿದು ಬಂದಳು. ಅವಳು ಹುಟ್ಟಿದ ಮೇಲೆ ಅನ್ನ ಚೆಲ್ಲಿದ್ದು ಅದೇ ಮೊದಲು.

ಅಮ್ಮನ ಹತ್ತಿರ ಮಾತಾಡಲು ಅವಳಿಗೆ ಎರಡು ದಿನ ಬೇಕಾಯಿತು. ದಿನಾ ಬೆಳಿಗ್ಗೆ ಅಮ್ಮನಿಗೆ ಬೂಟು ತೊಡಿಸಿ ದಾರ ಕಟ್ಟುವುದು ಅವಳ ಕೆಲಸ. ಮುದುಕಿಗೆ ಬಗ್ಗಲು ಆಗುತ್ತಿರಲಿಲ್ಲ. ಮಂಡಿಯೂರಿ ದಾರ ಎಳೆಯುತ್ತಾ ಕೇಳಿದಳು.

"ನಿನಗೆ ಗೊತ್ತಿತ್ತಾ ಅಮ್ಮಾ?"

"ಏನು?"

"ಗೊತ್ತಿತ್ತಾ ಅಂದೆ. ಆ ಕಾಗದದಲ್ಲಿ ಏನಿದೆ ಅಂತ."

ಥಿರ್ಜಾ ಇನ್ನೊಂದು ಕಾಲು ಮುಂದಕ್ಕೆ ಚಾಚಿದಳು. "ಗೊತ್ತಿತ್ತು. ಚಳಿಗಾಲದಲ್ಲೇ ಹೇಳಿದ್ದ ಏಬೆಲ್."

"ಮತ್ತೆ ನೀನು ಏನೂ ಇಲ್ಲ ಅಂದೆ."

"ಅಂದೆ." ಮುದುಕಿಯ ದನಿ ಇದ್ದಕ್ಕಿದ್ದ ಹಾಗೆ ಏರಿತು. "ಐವತ್ತೊಂದು ವರ್ಷ ಡಾರ್ಕಸ್! ಈ ಮನೇಲಿ ನನ್ನ ಕಾಲು ಒಂದು ದಿನ ಬೆಚ್ಚಗಿರ್ಲಿಲ್ಲ. ಯಾವ ಗೋಡೆ ಪಕ್ಕ ಕೂತ್ರೂ ಗಾಳಿ. ಎರಡು ಮಕ್ಕಳನ್ನ ಎದೆ ಕಫದಲ್ಲಿ ಇಲ್ಲೇ ಕಳ್ಕೊಂಡೆ. ನಿಮ್ಮಪ್ಪ ತೊಲೆ ಸವರ್ತಾ ಕೂತಿರೋರು, ನೀನೂ ಅವರ ಜೊತೆ. ನಿಮ್ಮಿಬ್ಬರಿಗೂ ಈ ಮನೆ ಅಂದ್ರೆ ಪ್ರಾಣ. ನಂಗೆ ಇಲ್ಲ. ನಾನು ಬೆಚ್ಚಗೆ ಸಾಯ್ಬೇಕು."

"ನಂಗೆ ಹೇಳಬಹುದಿತ್ತಲ್ಲಮ್ಮಾ."

"ಹೇಳಿದ್ರೆ ಸಹಿ ಹಾಕ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಡಾರ್ಕಸ್ ಎರಡನೇ ಬೂಟಿನ ದಾರವನ್ನೂ ಕಟ್ಟಿದಳು. ಗಂಟು ಎರಡು ಸಲ ಬಿಚ್ಚಿತು. ತಮ್ಮ ಮೋಸ ಮಾಡಿದ್ದಕ್ಕೆ ಸಿಟ್ಟು ಬಂದಿತ್ತು, ಕೂಗಾಡಿದ್ದಳು. ಇದಕ್ಕೆ ಕೂಗಾಡುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ.

ಪಟ್ಟಣಕ್ಕೆ ಹೋಗಿ ವಕೀಲರನ್ನೂ ಕಂಡು ಬಂದಳು. ಆತ ಕಾಗದದ ನಕಲು ಓದಿ, ಸಹಿ ನಿಮ್ಮದೇ ತಾನೇ ಎಂದು ಕೇಳಿದ. ಹೌದು ಎಂದಳು. ಓದದೆ ಹಾಕಿದೆ ಎನ್ನುವುದಕ್ಕೆ ಸಾಕ್ಷಿ ಯಾರಿದ್ದರು ಎಂದು ಕೇಳಿದ. ನನ್ನ ತಾಯಿ ಎಂದಳು. ಅವರು ಬಂದು ಹೇಳುತ್ತಾರೆಯೇ ಎಂದು ಕೇಳಿದ. ಡಾರ್ಕಸ್ ಎದ್ದು ಬಂದಳು.

ಅಲ್ಲಿಂದ ಮುಂದೆ ಮನೆ ದಿನ ದಿನಕ್ಕೂ ಬೆತ್ತಲಾಗುತ್ತಾ ಹೋಯಿತು. ಹೆಂಚು ಇಳಿಸಿದರು. ಗೋಡೆಯ ಮಣ್ಣು, ತಡಿಕೆ ಬಡಿದು ಕೆಡವಿದರು. ರೊಟ್ಟಿಯಲ್ಲಿ ಧೂಳು, ಹಾಲಿನಲ್ಲಿ ಧೂಳು. ಏಬೆಲ್‌ನ ಸಂಸಾರ ಮೊದಲೇ ಇಟ್ಟಿಗೆ ಮನೆಗೆ ಹೋಯಿತು. ಅಮ್ಮನ ಕೋಣೆಯ ಗಾರೆ ಒಣಗುವವರೆಗೆ ಡಾರ್ಕಸ್ ಮತ್ತು ಥಿರ್ಜಾ ಅಂಗಳದ ಮೂಲೆಯಲ್ಲಿ ಬೆಣ್ಣೆ ಕಡೆಯುವ ಹಾಲುಮನೆಯಲ್ಲಿ ಮಲಗಿದರು. ಡಾರ್ಕಸ್ ಅಡುಗೆ ಮಾಡಿದಳು, ಬೂಟು ತೊಡಿಸಿದಳು, ಮಾತು ಬಿಟ್ಟಳು. "ಉಪ್ಪು ಕೊಡು" ಎಂದು ಅಮ್ಮ ಕೇಳಿದರೆ ಉಪ್ಪು ಕೊಟ್ಟಳು. ಅಷ್ಟೇ.

ಜೂನ್ ಮೂರನೇ ವಾರದ ಒಂದು ಬೆಳಿಗ್ಗೆ ಪೆಟ್ ಅವಳನ್ನು ಕರೆಸಿದ. ಅಂಗಳಕ್ಕೆ ಬಂದವಳು ತಲೆ ಎತ್ತಿ ನಿಂತುಬಿಟ್ಟಳು. ಸುಣ್ಣ, ಮಣ್ಣು ಎಲ್ಲ ಹೋಗಿ ಓಕ್ ಚೌಕಟ್ಟು ಒಂದೇ ಬಿಸಿಲಿನಲ್ಲಿ ನಿಂತಿತ್ತು. ಇಪ್ಪತ್ತೇಳು ವರ್ಷ ಬಿಡಿ ಬಿಡಿಯಾಗಿ ಮುಟ್ಟಿದ್ದನ್ನು ಅವಳು ಒಟ್ಟಾಗಿ ನೋಡಿದ್ದು ಆಗಲೇ. ಕಂಬದಿಂದ ತೊಲೆಗೆ ತೋಳು ಕೊಟ್ಟ ಹಾಗೆ ಬಾಗಿದ ಆಸರೆ ಮರಗಳು, ಎಡಕ್ಕೊಂದು ಬಲಕ್ಕೊಂದು, ಹನ್ನೊಂದು ಜೋಡಿ. ಎಷ್ಟು ಚೆನ್ನಾಗಿತ್ತು! ಅವಳ ಕಣ್ಣು ತುಂಬಿತು.

ಪೆಟ್ ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದ. "ನಿಮ್ಮನ್ನ ಕೇಳಬಾರದು ಅಮ್ಮಾ, ಗೊತ್ತು ನಂಗೆ. ಈ ಮನೇಲಿ ಏನು ನಡೀತು ಅಂತ ಆಳುಗಳು ಹೇಳಿದ್ರು. ಆದ್ರೆ ನಿಮ್ಮ ತಮ್ಮಂಗೆ ಏನೂ ಗೊತ್ತಿಲ್ಲ, ಆ ಲಿಂಡ್ಸೆಲ್ ಕಾಗದಕ್ಕೆ ಉತ್ತರ ಬರೀತಿಲ್ಲ."

"ಕೇಳಿ."

"ಈ ಆಸರೆ ಮರಗಳು. ಜೋಡಿಯಲ್ಲಿ ಎರಡಕ್ಕೂ ಒಂದೇ ಅಂಕೆ ಬರ್ದಿದೆ ಹಾಳೇಲಿ. ಎಡ ಯಾವುದು, ಬಲ ಯಾವುದು ಅಂತಿಲ್ಲ. ಕೆಲವು ಮನೇಲಿ ಎರಡೂ ಒಂದೇ ಅಳತೆಗೆ ಕುಯ್ದಿರ್ತಾರೆ, ಯಾವ ಕಡೆ ಬೇಕಾದ್ರೂ ಕೂರತ್ತೆ. ಕೆಲವು ಕಡೆ ಹಾಗಲ್ಲ, ಅದಲು ಬದಲಾದ್ರೆ ಚೌಕಟ್ಟೇ ನಿಲ್ಲಲ್ಲ. ಇಲ್ಲಿ ಹೇಗೆ? ಬಿಚ್ಚಿದ ಮೇಲೆ ಹುಳು ತಿಂದ ಮೇಲ್ಪದರ ಎಲ್ಲ ಕೆತ್ತಿ ತೆಗೆದು, ಎಣ್ಣೆ ಬಳಿದು, ಹಾಳೇಲಿ ಏನಿದೆಯೋ ಅದನ್ನ ಟಾರಿನಲ್ಲಿ ಬರೆಯೋದು. ಆಮೇಲೆ ಹಳೇ ಗುರುತು ಹುಡುಕಿದ್ರೂ ಸಿಗಲ್ಲ."

ಡಾರ್ಕಸ್ ಹಾಳೆ ತೆಗೆದುಕೊಂಡು ನೋಡಿದಳು. ಪೆಟ್ ಹೇಳಿದ ಹಾಗೇ ಇತ್ತು. ಎಡಗಡೆಯ ಮರಕ್ಕೆಲ್ಲ ಅಂಕೆಯ ಪಕ್ಕದಲ್ಲಿ ಬಾರ್ಲಿ ಕಾಳಿನಷ್ಟು ಒಂದು ಕೊಕ್ಕೆ ಇರುತ್ತದೆ, ನೋಡಿದರೆ ಹುಳು ಕೊರೆದ ಗೀರಿನ ಹಾಗೆ. ಒಂದೊಂದು ಮರವನ್ನೂ ಅದರದರ ಕಂಬಕ್ಕೇ ಕುಯ್ದಿದ್ದಾರೆ, ಇನ್ನೊಂದರಲ್ಲಿ ಕೂರುವುದಿಲ್ಲ ಎಂದು ಅವಳು ಲಿಂಡ್ಸೆಲ್‌ಗೆ ಏಣಿಯ ಮೇಲಿಂದ ಕೂಗಿ ಹೇಳಿದ್ದಳು. ಒಂದು ಸಲವಲ್ಲ, ಹನ್ನೊಂದು ಸಲ. ಹೌದು ಹೌದು ಮಿಸ್ ಗ್ಯಾರಡ್, ತುಂಬ ಚೆನ್ನಾಗಿದೆ ಎಂದಿದ್ದ ಆತ. ಒಂದೂ ಬರೆದುಕೊಂಡಿರಲಿಲ್ಲ.

ಹಾಗಾದರೆ ಆತ ಕೇಳಿಸಿಕೊಂಡೂ ಇರಲಿಲ್ಲ. ಮೋಸ ಮಾಡಲು ಬಂದವನೇ ಇರಲಿ, ಆ ಮೂರು ವಾರ ತನ್ನ ಮಾತಿಗೆ ಕಿವಿಯನ್ನಾದರೂ ಕೊಟ್ಟಿದ್ದ ಎಂದು ಅವಳು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದಳು. ಈಗ ಅದೂ ಹೋಯಿತು.

ಏಬೆಲ್ ಗಾಡಿಯ ಪಕ್ಕದಿಂದ ಹತ್ತಿರ ಬಂದ. ಮುಖ ಬಾಡಿತ್ತು. "ಹೇಳಕ್ಕಾ, ದಮ್ಮಯ್ಯ. ಅಲ್ಲಿ ಎದ್ದು ನಿಂತ ಮೇಲೇ ಉಳಿದ ಹಣ ಕೊಡೋದು ಅವರು. ನಿಂತಿಲ್ಲಾಂದ್ರೆ ಇಟ್ಟಿಗೆ ಮನೆ ಸಾಲ ತೀರ್ಸೋದು ಹೆಂಗೆ?"

ಅವಳು ಏಬೆಲ್‌ನ ಕಡೆ ನೋಡಲಿಲ್ಲ. ಪೆಟ್‌ನ ಕಡೆ ನೋಡಿದಳು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು, ಅವಳ ಮಾತನ್ನೇ ನಂಬಿ ನಿಂತಿದ್ದಾನೆ. ಅವನ ಹಿಂದೆ ಮನೆ ನಿಂತಿದೆ. ಆ ಮನೆಯ ವಿಷಯದಲ್ಲಿ ಅವಳು ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವಳಲ್ಲ.

"ಎರಡೂ ಒಂದೇ ಅಳತೆ," ಎಂದಳು. "ಯಾವ ಕಡೆ ಬೇಕಾದ್ರೂ ಕೂರತ್ತೆ."

"ಖಂಡಿತಾನಾ ಅಮ್ಮಾ?"

"ನಮ್ಮಪ್ಪ ಹೇಳಿದ್ದು."

ಪೆಟ್‌ಗೆ ಅಷ್ಟು ಸಾಕಾಯಿತು. ಅವನು ಮೇಲೆ ನಿಂತಿದ್ದ ಆಳಿಗೆ ಕೈ ಬೀಸಿದ. ಮರದ ಮೊಳೆಗೆ ಸುತ್ತಿಗೆ ಬಿತ್ತು, ಎರಡು ಏಟು, ಮೂರು ಏಟು. ಮೊಳೆ ಕಳಚಿ ಕೆಳಗೆ ಬಿತ್ತು. ಏಬೆಲ್ ಅವಳ ಭುಜ ಮುಟ್ಟಿ, "ದೊಡ್ಡ ಮನಸ್ಸು ಕಣಕ್ಕಾ ನಿಂದು," ಎಂದ. ಅವಳು ಭುಜ ಕೊಡವಿಕೊಂಡು ಹೋದಳು.

ಥಿರ್ಜಾ ಪೇರ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು, ಅವತ್ತೇ ಇಟ್ಟಿಗೆ ಮನೆಗೆ ಹೋಗುವವಳು, ಗಂಟುಮೂಟೆ ಪಕ್ಕದಲ್ಲಿ. ದೂರದಿಂದ ಎಲ್ಲ ನೋಡಿದ್ದಳು, ಏನೂ ಕೇಳಿಸಿರಲಿಲ್ಲ.

"ಏನು ಕೇಳಿದ್ರು ಮಗಾ ಅವರು?"

ಎರಡು ವಾರದ ಮೇಲೆ ಮಗಳು ಬಾಯಿ ಬಿಟ್ಟಳು. "ಆ ಹಾಳೇಲಿ ಏನಾದ್ರೂ ತಪ್ಪಿದೆಯಾ ಅಂತ."

"ನೀನೇನಂದೆ?"

"ನಿನ್ನ ಮಗಳಲ್ವೇನಮ್ಮಾ ನಾನು," ಎಂದಳು ಡಾರ್ಕಸ್. "ಏನೂ ಇಲ್ಲ ಅಂದೆ."

ಮುದುಕಿಯ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಅವಳು ಮಗಳ ಮುಖ ನೋಡಿದಳು, ತಿರುಗಿ ಗಾಡಿಯ ಹತ್ತಿರ ನಗುತ್ತಾ ನಿಂತಿದ್ದ ಮಗನನ್ನು ನೋಡಿದಳು. ಅವನನ್ನು ಕೂಗಿ ಕರೆಯಲು ಕೈ ಎತ್ತಿದವಳು ಇಳಿಸಿಬಿಟ್ಟಳು.